ಮಿಸ್ ಇಂಡಿಯಾ: ಒಂದೇ ಹೆಸರು, ಹಲವು ಕಿರೀಟಗಳು

ಮೊದಲ ಮಿಸ್ ಇಂಡಿಯಾ ಯಾರು? ಒಂದು ಕಡೆ ಪ್ರಮೀಳಾ ಎಂದಿರುತ್ತದೆ, ಇನ್ನೊಂದು ಕಡೆ ಇಂದ್ರಾಣಿ ರೆಹಮಾನ್, ಮತ್ತೊಂದು ಕಡೆ ಮೆಹರ್ ಕ್ಯಾಸ್ಟೆಲಿನೋ. ಮೂರೂ ಉತ್ತರಗಳಿಗೆ ಆಧಾರವಿದೆ. ಏಕೆಂದರೆ ಮಿಸ್ ಇಂಡಿಯಾ ಎಂಬುದು ಸರ್ಕಾರ ಕೊಡುವ ಬಿರುದಲ್ಲ. ಪತ್ರಿಕೆಗಳು, ಕಂಪನಿಗಳು ಬೇರೆ ಬೇರೆ ಕಾಲದಲ್ಲಿ ನಡೆಸಿದ ಖಾಸಗಿ ಸ್ಪರ್ಧೆಗಳಿಗೆಲ್ಲ ಇದೇ ಹೆಸರಿತ್ತು. ಅಂತರರಾಷ್ಟ್ರೀಯ ಸ್ಪರ್ಧೆಗೆ ಭಾರತದಿಂದ ಒಬ್ಬರನ್ನು ಕಳುಹಿಸುವ ಪರವಾನಗಿ ಯಾರ ಕೈಯಲ್ಲಿದೆ ಎಂಬುದೇ ಇಲ್ಲಿ ಮುಖ್ಯ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

1947ರಲ್ಲಿ ಪಟ್ಟ ಪಡೆದ ಪ್ರಮೀಳಾ ಅವರ ನಿಜನಾಮ ಎಸ್ತರ್ ವಿಕ್ಟೋರಿಯಾ ಅಬ್ರಹಾಂ. ಕಲ್ಕತ್ತೆಯ ಬಾಗ್ದಾದಿ ಯಹೂದಿ ಮನೆತನದವರು, ಆ ಹೊತ್ತಿಗಾಗಲೇ ಹೆಸರು ಮಾಡಿದ್ದ ಸಿನಿಮಾ ನಟಿ. ಇಪ್ಪತ್ತು ವರ್ಷಗಳ ನಂತರ ಅವರ ಮಗಳು ನಕಿ ಜಹಾನ್ ಕೂಡ ಮಿಸ್ ಇಂಡಿಯಾ ಆದರು. ಇಂದ್ರಾಣಿ ರೆಹಮಾನ್ ಅವರ ಹಿರಿಮೆ ಬೇರೆ. ಭುವನ ಸುಂದರಿ (ಮಿಸ್ ಯೂನಿವರ್ಸ್) ಸ್ಪರ್ಧೆ ಶುರುವಾದದ್ದೇ 1952ರಲ್ಲಿ, ಅಮೆರಿಕದ ಲಾಂಗ್ ಬೀಚ್‌ನಲ್ಲಿ. ಆ ಮೊದಲ ವರ್ಷವೇ ಭಾರತದ ಪರವಾಗಿ ಹೋದವರು ಈ ನೃತ್ಯಗಾರ್ತಿ. ಒಡಿಸ್ಸಿಯನ್ನು ಹೊರನಾಡುಗಳಿಗೆ ಪರಿಚಯಿಸಿದವರಲ್ಲಿ ಅವರ ಹೆಸರು ಮುಂಚೂಣಿಯಲ್ಲಿದೆ. ಸ್ಪರ್ಧೆಗೆ ಹೋದಾಗ ಅವರಿಗೆ ಮದುವೆಯಾಗಿತ್ತು, ಮಗಳಿದ್ದಳು. ಮುಂದೆ ಅದೇ ಸ್ಪರ್ಧೆ ವಿವಾಹಿತೆಯರಿಗೂ ತಾಯಂದಿರಿಗೂ ಬಾಗಿಲು ಮುಚ್ಚಿ, 2023ರ ಆವೃತ್ತಿಯಲ್ಲಷ್ಟೇ ಮತ್ತೆ ತೆರೆಯಿತು. ಹಳೆಯ ಕಾಲವೆಂದರೆ ಕಟ್ಟುಪಾಡಿನ ಕಾಲ ಎಂದು ಊಹಿಸುವವರು ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಅರವತ್ತರ ದಶಕದಲ್ಲಿ ಪಟ್ಟ ಮಹಿಳಾ ಪತ್ರಿಕೆಗಳ ಕೈಗೆ ಬಂತು. ಟೈಮ್ಸ್ ಸಮೂಹದ ‘ಫೆಮಿನಾ’ 1964ರಲ್ಲಿ ಸ್ಪರ್ಧೆ ಆರಂಭಿಸಿತು. ಅದರ ಮೊದಲ ವಿಜೇತೆ ಮೆಹರ್ ಕ್ಯಾಸ್ಟೆಲಿನೋ. ‘ಈವ್ಸ್ ವೀಕ್ಲಿ’ ಕೂಡ ತನ್ನದೇ ಮಿಸ್ ಇಂಡಿಯಾ ಆರಿಸುತ್ತಿತ್ತು. ಫೆಮಿನಾ ವಿಜೇತೆ ಭುವನ ಸುಂದರಿ ಸ್ಪರ್ಧೆಗೆ, ಈವ್ಸ್ ವೀಕ್ಲಿ ವಿಜೇತೆ ವಿಶ್ವ ಸುಂದರಿ (ಮಿಸ್ ವರ್ಲ್ಡ್) ಸ್ಪರ್ಧೆಗೆ. ಹಾಗಾಗಿ 1966ರಲ್ಲಿ ಮಿಸ್ ಇಂಡಿಯಾ ಯಾರು ಎಂದು ಕೇಳಿದರೆ ಎರಡು ಹೆಸರು ಬರೆಯಬೇಕು: ಯಾಸ್ಮಿನ್ ದಾಜಿ ಮತ್ತು ರೀಟಾ ಫಾರಿಯಾ.

ರೀಟಾ ಫಾರಿಯಾ ಅವರ ಬಗ್ಗೆ ಒಂದು ಸಾಲು ಬರೆದು ಮುಂದೆ ಹೋಗುವುದು ಅನ್ಯಾಯ. ಮುಂಬೈನ ಗ್ರಾಂಟ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿ. ಎರವಲು ತಂದ ಸೀರೆ, ಎರವಲು ತಂದ ಈಜುಡುಗೆ ಹಿಡಿದು ಲಂಡನ್‌ಗೆ ಹೋದರು, ಗೆದ್ದರು. ವಿಶ್ವ ಸುಂದರಿಯಾದ ಮೊದಲ ಏಷ್ಯಾದ ಮಹಿಳೆ ಅವರೇ. ಅದೇ ವರ್ಷದ ಕ್ರಿಸ್‌ಮಸ್ ವೇಳೆಗೆ ಹಾಸ್ಯನಟ ಬಾಬ್ ಹೋಪ್ ಅವರ ತಂಡದೊಂದಿಗೆ ವಿಯೆಟ್ನಾಂನಲ್ಲಿದ್ದ ಅಮೆರಿಕನ್ ಸೈನಿಕರ ಮುಂದೆ ಕಾಣಿಸಿಕೊಂಡಾಗ ಭಾರತದಲ್ಲಿ ಟೀಕೆಗಳು ಎದ್ದವು. ವರ್ಷ ಮುಗಿದ ಮೇಲೆ ಸಿನಿಮಾ, ಮಾಡೆಲಿಂಗ್ ಎರಡನ್ನೂ ಬದಿಗಿಟ್ಟು ಓದಿಗೆ ಮರಳಿದರು, ವೈದ್ಯೆಯಾದರು. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಗಟ್ಟಿ ವ್ಯಕ್ತಿತ್ವ ಅವರದು.

ನಡುವಿನ ವರ್ಷಗಳಲ್ಲಿ ಜೀನತ್ ಅಮಾನ್, ಜೂಹಿ ಚಾವ್ಲಾರಂಥವರು ಕಿರೀಟದಿಂದ ಚಿತ್ರರಂಗಕ್ಕೆ ನಡೆದರು. ದೊಡ್ಡ ತಿರುವು 1994ರದು. ಆ ಹೊತ್ತಿಗೆ ಎರಡೂ ಸ್ಪರ್ಧೆಗಳಿಗೆ ಪ್ರತಿನಿಧಿಯನ್ನು ಕಳುಹಿಸುತ್ತಿದ್ದುದು ಫೆಮಿನಾ. ಫೆಮಿನಾ ಅಂತಿಮ ಸುತ್ತಿನಲ್ಲಿ ಸುಷ್ಮಿತಾ ಸೇನ್ ಮತ್ತು ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಸಮ ಅಂಕ ಪಡೆದರು. ಮತ್ತೊಂದು ಪ್ರಶ್ನೆ ಕೇಳಿ ಸುಷ್ಮಿತಾರನ್ನು ಆರಿಸಲಾಯಿತು. ಆ ದಿನ ಅವರು ಧರಿಸಿದ್ದ ಗೌನ್‌ಗೆ ಬಟ್ಟೆ ತಂದದ್ದು ದೆಹಲಿಯ ಸರೋಜಿನಿ ನಗರದ ಮಾರುಕಟ್ಟೆಯಿಂದ, ಹೊಲಿದದ್ದು ನೆರೆಯ ದರ್ಜಿ, ಕೈಗವಸು ಕಾಲುಚೀಲ ಕತ್ತರಿಸಿ ಮಾಡಿದ್ದು ಎಂದು ಅವರೇ ಹೇಳಿಕೊಂಡಿದ್ದಾರೆ. ಮೇ ತಿಂಗಳಲ್ಲಿ ಮನಿಲಾದಲ್ಲಿ ಸುಷ್ಮಿತಾ ಭುವನ ಸುಂದರಿ, ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ಐಶ್ವರ್ಯಾ ವಿಶ್ವ ಸುಂದರಿ. ಆರ್ಥಿಕ ಉದಾರೀಕರಣ ಶುರುವಾಗಿ ಮೂರೇ ವರ್ಷವಾಗಿತ್ತು. ಕೇಬಲ್ ಟಿವಿ ಮನೆ ಮನೆಗೆ ಬರುತ್ತಿತ್ತು, ಸೌಂದರ್ಯವರ್ಧಕ ಕಂಪನಿಗಳು ಭಾರತದ ಕಡೆ ನೋಡುತ್ತಿದ್ದವು. ಕಿರೀಟದ ಹಿಂದೆ ಮಾರುಕಟ್ಟೆ ಬಂದು ನಿಂತಿತು.

ಅದಕ್ಕೆ ಎದುರುತ್ತರ ಬಂದದ್ದು ನಮ್ಮ ಬೆಂಗಳೂರಿನಲ್ಲಿ. 1996ರ ವಿಶ್ವ ಸುಂದರಿ ಸ್ಪರ್ಧೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆಯಿತು. ನಡೆಸಿಕೊಟ್ಟದ್ದು ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಕಂಪನಿ. ಸ್ತ್ರೀಯರನ್ನು ಸರಕಾಗಿಸುತ್ತದೆ ಎಂದು ಮಹಿಳಾ ಸಂಘಟನೆಗಳು, ಬಹುರಾಷ್ಟ್ರೀಯ ಕಂಪನಿಗಳ ದಾಳಿ ಎಂದು ರೈತ ಸಂಘ, ಸಂಸ್ಕೃತಿಗೆ ಅಪಚಾರ ಎಂದು ಬಲಪಂಥೀಯರು ಬೀದಿಗಿಳಿದರು. ಪರೀಕ್ಷೆಗೆ ಓದುತ್ತಿರುವವರು ಈ ಮೂರು ವಿರೋಧಗಳನ್ನು ಒಂದೇ ಗಂಟಿಗೆ ಕಟ್ಟಬೇಡಿ; ಅವುಗಳ ತರ್ಕ ಒಂದಕ್ಕೊಂದು ಹೊಂದುವುದಿಲ್ಲ. ಈಜುಡುಗೆ ಸುತ್ತು ಸೀಶೆಲ್ಸ್‌ಗೆ ಸ್ಥಳಾಂತರವಾಯಿತು, ಕಿರೀಟ ಗ್ರೀಸ್‌ನ ಐರಿನ್ ಸ್ಕ್ಲಿವಾಗೆ ಹೋಯಿತು.

2000ದಲ್ಲಿ ಫೆಮಿನಾ ಆರಿಸಿದ ಮೂವರೂ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಗೆದ್ದು ಬಂದರು: ಲಾರಾ ದತ್ತಾ, ಪ್ರಿಯಾಂಕಾ ಚೋಪ್ರಾ, ದಿಯಾ ಮಿರ್ಜಾ. ಆಮೇಲೆ ಪರವಾನಗಿ ಮತ್ತೆ ಚದುರಿತು. 2010ರಲ್ಲಿ ಭುವನ ಸುಂದರಿ ಸ್ಪರ್ಧೆಗೆ ಪ್ರತಿನಿಧಿಯನ್ನು ಆರಿಸುವ ಹೊಣೆ ಸ್ವತಃ ಸುಷ್ಮಿತಾ ಅವರ ‘ಐ ಆ್ಯಮ್ ಶಿ’ ಸ್ಪರ್ಧೆಗೆ ಹೋಯಿತು, ಬಳಿಕ ‘ಮಿಸ್ ದಿವಾ’ಗೆ, 2021ರ ಭುವನ ಸುಂದರಿ ಹರ್ನಾಜ್ ಸಂಧು ಬಂದದ್ದು ಅಲ್ಲಿಂದ. 2024ರಿಂದ ‘ಮಿಸ್ ಯೂನಿವರ್ಸ್ ಇಂಡಿಯಾ’ ಎಂಬ ಪ್ರತ್ಯೇಕ ಸ್ಪರ್ಧೆಯೇ ಇದೆ. ಫೆಮಿನಾ ಮಿಸ್ ಇಂಡಿಯಾ ಈಗ ಮುಖ್ಯವಾಗಿ ವಿಶ್ವ ಸುಂದರಿ ಸ್ಪರ್ಧೆಯ ದಾರಿ.

ಇಸವಿಗಳ ವಿಷಯದಲ್ಲಿ ಎಚ್ಚರವಿರಲಿ. ಕರ್ನಾಟಕವನ್ನು ಪ್ರತಿನಿಧಿಸಿದ ಸಿನಿ ಶೆಟ್ಟಿ 2022ರ ಫೆಮಿನಾ ವಿಜೇತೆ. ಆದರೆ ಅವರು ವಿಶ್ವ ಸುಂದರಿ ವೇದಿಕೆ ಏರಿದ್ದು 2024ರ ಮಾರ್ಚ್‌ನಲ್ಲಿ, ಮುಂಬೈನಲ್ಲಿ. ಟಿಪ್ಪಣಿ ಮಾಡಿಕೊಳ್ಳುವಾಗ ಹೆಸರಿನ ಮುಂದೆ ಪಟ್ಟದ ವರ್ಷ, ಕೊಟ್ಟ ಸಂಸ್ಥೆ, ಹೋದ ಸ್ಪರ್ಧೆ ಈ ಮೂರನ್ನೂ ಬರೆದುಕೊಳ್ಳಿ.