ಎರಡು ಮಾತ್ರೆ, ಎರಡು ಕೆಲಸ

ಪ್ಯಾನಿಕ್ ಅಟ್ಯಾಕ್ ಆದವರು ಮೊದಲು ಮನೋವೈದ್ಯರ ಹತ್ತಿರ ಬರುವುದು ಕಡಿಮೆ. ಎದೆ ಢವಢವ ಅನ್ನುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ, ಇನ್ನೇನು ಪ್ರಾಣ ಹೋಯಿತು ಅನ್ನಿಸುತ್ತದೆ. ಹಾಗಾಗಿ ಹೃದಯದ ಡಾಕ್ಟರ ಹತ್ತಿರ ಓಡುತ್ತಾರೆ. ಅದು ಸರಿಯೇ. ಮೊದಲ ಸಲ ಹೀಗಾದಾಗ ಇಸಿಜಿ, ಥೈರಾಯ್ಡ್ ನೋಡಿಸಲೇಬೇಕು. ಎಲ್ಲಾ ನಾರ್ಮಲ್ ಬಂದರೆ 'ಟೆನ್ಷನ್ ಅಷ್ಟೇ' ಅಂತ ಒಂದು ಮಾತ್ರೆ ಸಿಗುತ್ತದೆ. ನನ್ನ ಹತ್ತಿರ ಬರುವ ಹೊತ್ತಿಗೆ ಆ ಮಾತ್ರೆ ತಿಂಗಳುಗಟ್ಟಲೆ ನಡೆದಿರುತ್ತದೆ. ಯಾವ ಮಾತ್ರೆ ಅಂದರೆ ಬರುವ ಉತ್ತರ ಒಂದೇ: 'ನಿದ್ದೆದು ಸರ್.'

ಆತಂಕಕ್ಕೆ ಕೊಡುವ ಔಷಧಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಎಸಿಟಾಲೋಪ್ರಾಮ್, ಸರ್ಟ್ರಲೀನ್ ಥರದವು ಕಾಯಿಲೆಗೇ ಕೊಡುವ ಔಷಧಿ. ದಿನಾ ತಗೋಬೇಕು, ಕೆಲಸ ಶುರುವಾಗಲು ಎರಡರಿಂದ ಆರು ವಾರ ಬೇಕು. ಇವು ಚಟ ಹಿಡಿಸುವುದಿಲ್ಲ. ಆಲ್ಪ್ರಜೋಲಾಮ್, ಕ್ಲೋನಾಜೆಪಾಮ್, ಎಟಿಜೋಲಾಮ್ ಥರದವು ಆ ಹೊತ್ತಿನ ಗಾಬರಿಯನ್ನು ತಗ್ಗಿಸುತ್ತವೆ. ಬೇಗ ಹಿಡಿಯುತ್ತವೆ, ಬೇಗ ಅಭ್ಯಾಸವೂ ಆಗುತ್ತವೆ. ಮೊದಲನೆಯದು ಕೆಲಸ ಶುರು ಮಾಡುವ ತನಕ, ಕೆಲವೇ ವಾರಗಳಿಗೆ, ಎರಡನೆಯದನ್ನು ಜೊತೆಗೆ ಕೊಡುವುದುಂಟು.

ಆದರೆ ನಡೆಯುವುದು ಉಲ್ಟಾ. ದಿನದ ಮಾತ್ರೆ ಶುರು ಮಾಡಿದ ಮೊದಲ ವಾರ ಹೊಟ್ಟೆ ತೊಳಸುತ್ತದೆ, ಚಡಪಡಿಕೆ ಸ್ವಲ್ಪ ಜಾಸ್ತಿಯೇ ಆಗಬಹುದು. ಅದಕ್ಕೇ ನಾವು ಎಸಿಟಾಲೋಪ್ರಾಮ್ ಆದರೆ 5 ಮಿಲಿಗ್ರಾಂನಿಂದ ಶುರು ಮಾಡಿ ಆಮೇಲೆ 10ಕ್ಕೆ ಹೋಗುವುದು. ಇದನ್ನು ಯಾರೂ ಹೇಳಿರದಿದ್ದರೆ ರೋಗಿ ನಾಲ್ಕೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಹಾಯಾಗಿ ನಿದ್ದೆ ತರಿಸಿದ ಮಾತ್ರೆಯನ್ನು ಮಾತ್ರ ಬಿಡುವುದಿಲ್ಲ. ಚಿಕ್ಕ ವಯಸ್ಸಿನವರಲ್ಲಿ, 25ರೊಳಗಿನವರಲ್ಲಿ, ಆ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬಾರದು, ಅವತ್ತೇ ಡಾಕ್ಟರಿಗೆ ಹೇಳಬೇಕು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಎಸಿಟಾಲೋಪ್ರಾಮ್ ಮತ್ತು ಕ್ಲೋನಾಜೆಪಾಮ್ ಎರಡನ್ನೂ ಸೇರಿಸಿದ ಮಾತ್ರೆ ಬರುತ್ತದೆ. ಬರೆಯುವವರಿಗೆ ಸುಲಭ, ನುಂಗುವವರಿಗೂ ಸುಲಭ. ನನಗೆ ಅದು ಇಷ್ಟವಿಲ್ಲ. ತಿಂಗಳುಗಟ್ಟಲೆ ಬೇಕಾದ ಔಷಧಿಗೆ ಕೆಲವೇ ವಾರ ಬೇಕಾದ ಔಷಧಿ ಅಂಟಿಕೊಂಡಿರುತ್ತದೆ. ಒಂದನ್ನು ನಿಲ್ಲಿಸಬೇಕೆಂದರೆ ಎರಡೂ ನಿಲ್ಲುತ್ತವೆ, ಒಂದನ್ನು ಹೆಚ್ಚಿಸಿದರೆ ಎರಡೂ ಹೆಚ್ಚುತ್ತವೆ. ಸ್ಟ್ರಿಪ್‌ನ ಮೇಲೆ ಬ್ರ್ಯಾಂಡ್ ಹೆಸರಿನ ಜೊತೆ ಔಷಧಿಯ ಹೆಸರೂ ಇರುತ್ತದೆ. 'ಜೋಲಾಮ್' ಅಥವಾ 'ಜೆಪಾಮ್' ಅಂತ ಮುಗಿದರೆ ಅಭ್ಯಾಸ ಆಗುವ ಜಾತಿ ಅಂದುಕೊಳ್ಳಿ. ಎಷ್ಟು ದಿನಕ್ಕೆ ಅಂತ ಡಾಕ್ಟರನ್ನು ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವ ಡಾಕ್ಟರ್ ಇದ್ದರೂ ಕೇಳಿ.

ಜೇಬಿನಲ್ಲಿ ಸದಾ ಒಂದು ಆಲ್ಪ್ರಜೋಲಾಮ್ ಇಟ್ಟುಕೊಂಡು ಓಡಾಡುವವರು ತುಂಬಾ ಜನ. ಬಸ್ಸಿನಲ್ಲಿ ಗಾಬರಿಯಾದ ಕೂಡಲೇ ನುಂಗುತ್ತಾರೆ, ಸರಿಹೋಗುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿ ಮುಟ್ಟಿ ಆಮೇಲೆ ತಾನಾಗಿ ಇಳಿಯುತ್ತದೆ. ಬಾಯಿಂದ ನುಂಗಿದ ಮಾತ್ರೆ ರಕ್ತಕ್ಕೆ ಸೇರಿ ಕೆಲಸ ತೋರಿಸಲು ಅರ್ಧ ಗಂಟೆಯಾದರೂ ಹಿಡಿಯುತ್ತದೆ. ನುಂಗಿದ ಎರಡೇ ನಿಮಿಷಕ್ಕೆ ಹಗುರ ಅನ್ನಿಸಿದರೆ ಅದು ಮಾತ್ರೆಯ ಕೆಲಸ ಅಲ್ಲ ಅಲ್ವಾ? ಹೆಸರು ಮಾತ್ರ ಮಾತ್ರೆಗೆ ಹೋಗುತ್ತದೆ. ಹೋಗ್ತಾ ಹೋಗ್ತಾ ಮಾತ್ರೆ ಇಲ್ಲದೆ ಮನೆ ಬಿಡಲಾರದ ಸ್ಥಿತಿ ಬರುತ್ತದೆ. ಗಾಬರಿ ತಾನಾಗಿ ಇಳಿಯುವುದನ್ನು ಕೂತು ನೋಡುವ ಅಭ್ಯಾಸವನ್ನು ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ ಕಲಿಸುತ್ತಾರೆ. ಪ್ಯಾನಿಕ್‌ಗೆ ಅದು ಮಾತ್ರೆಯಷ್ಟೇ ಗಟ್ಟಿ ಚಿಕಿತ್ಸೆ.

ಕುಡಿಯುವವರಿಗೆ ಒಂದು ಮಾತು. 'ಶನಿವಾರ ಮಾತ್ರ ಸರ್' ಅನ್ನುತ್ತಾರೆ. ಆಲ್ಪ್ರಜೋಲಾಮ್ ಥರದ ಮಾತ್ರೆ ಮತ್ತು ಮದ್ಯ ಎರಡೂ ಉಸಿರಾಟವನ್ನು ನಿಧಾನ ಮಾಡುತ್ತವೆ. ಟ್ರಮಡಾಲ್ ಇರುವ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಜೊತೆಗೂ ಇದೇ ಅಪಾಯ. ವಯಸ್ಸಾದವರು ಆಲ್ಪ್ರಜೋಲಾಮ್ ಥರದ್ದನ್ನು ತಗೊಂಡು ರಾತ್ರಿ ಬಾತ್‌ರೂಮಿಗೆ ಎದ್ದಾಗ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಎಸಿಟಾಲೋಪ್ರಾಮ್ ಥರದವನ್ನು ಐಬುಪ್ರೊಫೆನ್, ಡೈಕ್ಲೋಫೆನಾಕ್ ಜೊತೆ ದಿನಾ ತಗೊಂಡರೆ ಹೊಟ್ಟೆಯೊಳಗೆ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ಎಸಿಟಾಲೋಪ್ರಾಮ್ ಥರದವುಗಳಿಂದ ಲೈಂಗಿಕ ಆಸಕ್ತಿ ಕಡಿಮೆಯಾಗುವುದೂ ಇದೆ. ನಾಚಿಕೆಯಿಂದ ಹೇಳದೆ ಸುಮ್ನೆ ಮಾತ್ರೆ ಬಿಡುವವರೇ ಹೆಚ್ಚು. ಹೇಳಿದರೆ ಬೇರೆ ಔಷಧಿ ಇದೆ.

ಆಲ್ಪ್ರಜೋಲಾಮ್ 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಎಂಬ, ಮಾರಾಟಕ್ಕೆ ಬಿಗಿ ನಿಯಮವಿರುವ ಔಷಧಿಗಳ ಪಟ್ಟಿಯಲ್ಲಿದೆ. ಮೆಡಿಕಲ್ ಶಾಪಿನವರು ಚೀಟಿ ನೋಡಿಯೇ ಕೊಡಬೇಕು, ಹೆಸರು ಬರೆದಿಟ್ಟು ಆ ಪುಸ್ತಕವನ್ನು ಮೂರು ವರ್ಷ ಕಾಯ್ದಿಡಬೇಕು. ಆದರೂ ಹಳೇ ಚೀಟಿ ತೋರಿಸಿ, ಇಲ್ಲವೇ ಪರಿಚಯದ ಮೇಲೆ ತರುತ್ತಾರೆ. ಡಾಕ್ಟರ್ ದೂರ, ಏನು ಮಾಡೋದು ಅನ್ನುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇದನ್ನೆಲ್ಲಾ ಓದಿ ಇವತ್ತು ರಾತ್ರಿಯೇ ಮಾತ್ರೆ ಕಸದ ಬುಟ್ಟಿಗೆ ಎಸೆಯಬೇಡಿ. ಅಮ್ಮ ವರ್ಷಗಳಿಂದ ತಗೊಳ್ಳುತ್ತಿರುವ 0.25 ಮಿಲಿಗ್ರಾಂನ ಆಲ್ಪ್ರಜೋಲಾಮ್ ಮಾತ್ರೆಯನ್ನು ಕಿತ್ತು ಬಚ್ಚಿಡುವ ಮಕ್ಕಳಿಗೂ ಇದೇ ಮಾತು. ತಿಂಗಳುಗಟ್ಟಲೆ ತಗೊಂಡಿದ್ದನ್ನು ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಹೋಗುತ್ತದೆ, ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇಕಡಾ 5ರಿಂದ 10ರಷ್ಟು ಇಳಿಸಿ ಅಂತ ಅಮೆರಿಕದ ತಜ್ಞರು 2025ರ ಮಾರ್ಗಸೂಚಿಯಲ್ಲಿ ಹೇಳಿದ್ದಾರೆ. ಅಂದರೆ ಇದು ತಿಂಗಳುಗಳ ಕೆಲಸ, ಡಾಕ್ಟರ ಕಣ್ಗಾವಲಿನಲ್ಲೇ ಆಗಬೇಕು. ಕೊನೆಯ ಚೂರು ಬಿಡುವುದೇ ಕಷ್ಟ. ಎಸಿಟಾಲೋಪ್ರಾಮ್ ಅನ್ನೂ ಹುಷಾರಾದ ಮೇಲೆ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ ಮೆಲ್ಲಗೆ ಇಳಿಸಬೇಕು. ಒಮ್ಮೆಲೇ ಬಿಟ್ಟರೆ ತಲೆ ಸುತ್ತು, ತಲೆಯೊಳಗೆ ಶಾಕ್ ಹೊಡೆದ ಹಾಗೆ ಅನ್ನಿಸುವುದು, ಇವೆಲ್ಲಾ ಬರುತ್ತವೆ. ಬಸುರಿ ಅಂತ ಗೊತ್ತಾದ ದಿನವೇ ತಾವಾಗಿ ನಿಲ್ಲಿಸುವವರಿದ್ದಾರೆ. ಅವರೂ ಮೊದಲು ಡಾಕ್ಟರನ್ನು ಕೇಳಬೇಕು. ಈಗಾಗಲೇ ನಿಲ್ಲಿಸಿ ನಡುಕ, ಗೊಂದಲ ಶುರುವಾಗಿದ್ದರೆ ಖಾಲಿ ಸ್ಟ್ರಿಪ್ ಜೊತೆಗಿಟ್ಟುಕೊಂಡು ನೇರ ಎಮರ್ಜೆನ್ಸಿಗೆ ಹೋಗಿ.