ಬಿಸಿಲು ಬಿಟ್ಟಿ, ಸವಳು ನೀರು ದುಬಾರಿ

20 ಡಿಗ್ರಿಯ 15 ಲೀಟರ್ ನೀರು ಜಳಕಕ್ಕೆ ಹದವಾಗಿ 40 ಡಿಗ್ರಿಗೆ ಏರಲು ಸುಮಾರು 0.35 ಯೂನಿಟ್ ಶಕ್ತಿ ಬೇಕು. ಉರಿ ಯಾವುದಾದರೂ ಈ ಲೆಕ್ಕ ಬದಲಾಗದು, ಬದಲಾಗುವುದು ಪೋಲು. ಗ್ಯಾಸ್ ಗೀಸರ್ ಬಕೆಟ್ಟಿಗೆ 35 ಗ್ರಾಂನಷ್ಟು ಎಲ್‌ಪಿಜಿ ಉರಿಸುತ್ತದೆ, ಅಂದರೆ 14.2 ಕೆಜಿ ಸಿಲಿಂಡರಿಗೆ ಅಂದಾಜು 400 ಬಕೆಟ್. ಬಚ್ಚಲ ನೀರು ಕಾಯಿಸುವ ಬಂಬಕ್ಕೆ ಅರ್ಧ ಕೆಜಿ ಹತ್ತಿರ ಒಣ ಜಾಲಿ ಕಟ್ಟಿಗೆ ಬೇಕು. ಶಾಖದ ಬಹುಪಾಲು ಹೊಗೆಯ ಜೊತೆ ಹೋಗುತ್ತದೆ. ಆದರೂ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಹೊಲದಿಂದಲೇ ಬರುವ ಮನೆಯವರಿಗೆ ಬಂಬ ಬಿಡಿ ಎನ್ನಲು ಬಾಯಿ ಬರುವುದಿಲ್ಲ.

ಕರೆಂಟಿನ ಗೀಸರಿನಲ್ಲಿ ಪೋಲು ಕಡಿಮೆ, ಆದರೆ ಹಳ್ಳಿಯ ವೋಲ್ಟೇಜ್ ನಂಬುವಂತಿಲ್ಲ. 230 ವೋಲ್ಟಿಗೆ 2000 ವ್ಯಾಟ್ ಕೊಡುವ ಕಾಯಿಲ್ 180ಕ್ಕೆ ಕೊಡುವುದು 1225 ಮಾತ್ರ. 20ರಿಂದ 60 ಡಿಗ್ರಿಗೆ 21 ನಿಮಿಷದಲ್ಲಿ ಕಾಯಬೇಕಾದ 15 ಲೀಟರ್‌ಗೆ 34 ನಿಮಿಷ ಹಿಡಿಯುತ್ತದೆ.

ಗ್ಯಾಸ್ ಗೀಸರ್ ಬಚ್ಚಲೊಳಗೆ ಬೇಡವೇ ಬೇಡ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಆಮ್ಲಜನಕ ಕಡಿಮೆಯಾದಂತೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಗೀಸರ್ ಹೊರಗೋಡೆಗಿರಲಿ, ಪೈಪ್ ಮಾತ್ರ ಒಳಗೆ ಬರಲಿ.

ವಿಜಯಪುರ, ಬಾಗಲಕೋಟೆಯ ಬಿಸಿಲಿಗೆ ಸೋಲಾರೇ ಸರಿ. ಎರಡು ಮೂರು ಜನರಿಗೆ 100 ಲೀಟರ್ ಸಾಕು. ಬೆಳಗಾವಿ, ಖಾನಾಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡವೇ ಹೆಚ್ಚು, ಟ್ಯಾಂಕಿನಲ್ಲಿ 2 ಕಿಲೊವ್ಯಾಟ್ ಕಾಯಿಲ್ ಇಲ್ಲದೆ ನಡೆಯದು.

ಆದರೆ ಯಾವ ಸೋಲಾರ್ ಎಂಬುದನ್ನು ಬಿಸಿಲಲ್ಲ, ಬೋರಿನ ನೀರು ತೀರ್ಮಾನಿಸುತ್ತದೆ. ನೆಲದ ಸುಣ್ಣ ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟಾಗಿ ಕರಗಿರುತ್ತದೆ. ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಣ್ಣ ಬಿಳಿ ಹೆಕ್ಕಳೆಯಾಗಿ ಕೂರುತ್ತದೆ. 60 ಡಿಗ್ರಿ ದಾಟಿದರೆ ಇನ್ನೂ ಬೇಗ. ಗೀಸರಿನ ಕಾಯಿಲ್ ಈ ಪೊರೆಯಡಿ ಶಾಖ ಬಿಡಲಾಗದೆ ಸುಟ್ಟುಹೋಗುತ್ತದೆ, ಹಾಗಾಗಿ ಥರ್ಮೋಸ್ಟಾಟ್ 50–55ಕ್ಕೆ ಇಡಿ. ಚಪ್ಪಟೆ ಪೆಟ್ಟಿಗೆಯಂಥ ಫ್ಲಾಟ್ ಪ್ಲೇಟ್ ಸೋಲಾರಿನ ತಾಮ್ರದ ಕೊಳವೆ ಬೆರಳುಗಾತ್ರದ್ದು, ಸವಳು ನೀರಿಗೆ ಕಟ್ಟಿಕೊಳ್ಳುತ್ತದೆ. ಇನ್ನೊಂದು ಬಗೆಯ ಸೋಲಾರಿನ ಗಾಜಿನ ಕೊಳವೆಯ ಒಳಬಾಯಿ ಅದಕ್ಕಿಂತ ಅಗಲ. ಸುಣ್ಣ ಕೂತರೂ ಬಿಚ್ಚಿ ತೊಳೆಯಬಹುದು. ಸ್ಟೀಲ್ ಟ್ಯಾಂಕಿಗೂ ಉಪ್ಪಿನಂಶದ ನೀರು ಸೂಜಿತೂತು ಕೊರೆಯುತ್ತದೆ. ಎನಾಮೆಲ್ ಲೇಪದ ಟ್ಯಾಂಕು ವಾಸಿ, ಆದರೆ ಅದರ ಮೆಗ್ನೀಷಿಯಂ ರಾಡ್ ವರ್ಷಕ್ಕೊಮ್ಮೆ ತೆಗೆದು ನೋಡಬೇಕು. ಟ್ಯಾಂಕಿನ ಬದಲು ಸವೆಯುವುದೇ ಅದರ ಕೆಲಸ.

ಗಾಜಿನ ಕೊಳವೆಯ ತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೇರಿಯಂ ಲೇಪ ಇರುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಜಿನ ಎರಡು ಪದರಗಳ ನಡುವಿನ ನಿರ್ವಾತ ಹೋಗಿದೆ, ಆ ಕೊಳವೆ ಬದಲಿಸಿ. ನೀರು ನಿಂತು ಕೊಳವೆ ಬರಿದಾದ ದಿನ ಇನ್ನೊಂದು ಎಚ್ಚರ: ಬಿಸಿಲಲ್ಲಿ ಅದು 200 ಡಿಗ್ರಿಯ ಸುಮಾರಿಗೆ ಕಾದಿರುತ್ತದೆ. ನಲ್ಲಿ ಬಂತೆಂದು ಮಧ್ಯಾಹ್ನವೇ ವಾಲ್ವ್ ತಿರುಗಿಸಿದರೆ ಗಾಜು ಸೀಳುತ್ತದೆ. ಗೋಣಿಚೀಲ ಹೊದಿಸಿ, ಕತ್ತಲಾಗಿ ಪೂರ್ತಿ ಆರಿದ ಮೇಲೆ ತುಂಬಿಸಿ.