13 ಎಂಎಂ ಡ್ರೈವರ್ ಇದ್ದರೆ ಸೌಂಡ್ ಚೆನ್ನಾಗಿರುತ್ತಾ?

ಪ್ರಶ್ನೆ: ಸರ್, ಒಂದೂವರೆ ಸಾವಿರದೊಳಗೆ ಇಯರ್‌ಬಡ್ಸ್ ತಗೋಬೇಕು ಅಂತಿದ್ದೀನಿ. ಎರಡು ನೋಡಿಟ್ಟಿದ್ದೀನಿ. ಒಂದರಲ್ಲಿ 10 ಎಂಎಂ ಡ್ರೈವರ್, ಇನ್ನೊಂದರಲ್ಲಿ 13 ಎಂಎಂ. ದಿನಾ ಬಸ್ಸಲ್ಲಿ ಓಡಾಡುವಾಗ ಹಾಡು ಕೇಳೋಕೆ, ಫೋನಲ್ಲಿ ಮಾತಾಡೋಕೆ ಅಷ್ಟೇ. 13 ಎಂಎಂ ತಗೊಂಡ್ರೆ ಬೇಸ್ ಜಾಸ್ತಿ ಬರುತ್ತೆ ಅಲ್ವಾ?

ಉತ್ತರ: ಬರಬೇಕು ಅಂತೇನೂ ಇಲ್ಲ. ಈ ಮಾತನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಕೇಳುವವರ ಬಜೆಟ್ ಬೇರೆಯಾಗುತ್ತದೆ, ಎಂಎಂ ಬೇರೆಯಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಒಂದೇ ಸಾಲಿನ ಉತ್ತರ ಕೊಟ್ಟರೆ ಯಾರೂ ನಂಬುವುದಿಲ್ಲ. "ಇಲ್ಲ ಸರ್, ಬಾಕ್ಸ್ ಮೇಲೆ ದೊಡ್ಡದಾಗಿ ಹಾಕಿದ್ದಾರಲ್ಲ" ಅನ್ನುತ್ತಾರೆ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಡ್ರೈವರ್ ಅಂದರೆ ಬಡ್ಸ್ ಒಳಗಿರುವ ಪುಟ್ಟ ಸ್ಪೀಕರ್. ಅದರಲ್ಲೊಂದು ತೆಳುವಾದ ಪೊರೆ, ಪೊರೆಗೆ ಅಂಟಿದ ತಂತಿಯ ಸುರುಳಿ, ಹಿಂದೆ ಒಂದು ಅಯಸ್ಕಾಂತ. ಪೊರೆ ಮುಂದಕ್ಕೂ ಹಿಂದಕ್ಕೂ ಅದುರಿ ಗಾಳಿಯನ್ನು ತಳ್ಳುತ್ತದೆ, ಅದೇ ಸದ್ದು. ಎಂಎಂ ಅನ್ನುವುದು ಈ ಡ್ರೈವರ್ ಎಷ್ಟು ಅಗಲ ಅನ್ನುವ ಅಳತೆ.

ದೊಡ್ಡದಾದಷ್ಟೂ ಬೇಸ್ ಜಾಸ್ತಿ ಅನ್ನುವ ನಂಬಿಕೆ ಎಲ್ಲಿಂದ ಬಂತು ಅನ್ನುವುದು ನನಗೆ ಅರ್ಥವಾಗುತ್ತದೆ. ಜಾತ್ರೆಯಲ್ಲಿ, ಗಣೇಶನ ಪೆಂಡಾಲಿನಲ್ಲಿ ಆಳೆತ್ತರದ ಬಾಕ್ಸ್ ಮುಂದೆ ನಿಂತವರಿಗೆಲ್ಲ ಗೊತ್ತು, ಎದೆ ನಡುಗಿಸುವುದು ದೊಡ್ಡ ಸ್ಪೀಕರೇ ಹೊರತು ಚಿಕ್ಕದಲ್ಲ. ಅಲ್ಲಿ ಅದು ನಿಜ. ಬಯಲಿನಲ್ಲಿ ತಳ್ಳಿದ ಗಾಳಿ ನಾಲ್ಕೂ ಕಡೆಗೆ ಹರಡಿಹೋಗುತ್ತದೆ, ಆದ್ದರಿಂದ ಬಹಳ ಗಾಳಿಯನ್ನು ತಳ್ಳಲೇಬೇಕು. ಆದರೆ ನಿಮ್ಮ ಕಿವಿಯ ಒಳಗೆ ಬಯಲಿಲ್ಲ. ಬಡ್ಸ್‌ನ ತುದಿಯಿಂದ ಕಿವಿಯ ತಮಟೆಯವರೆಗೆ ಇರುವುದು ಅರ್ಧ ಚಮಚ ನೀರು ಕೂಡ ಹಿಡಿಸದಷ್ಟು ಜಾಗ.

ಸೈಕಲ್ ಪಂಪು ತೆಗೆದುಕೊಳ್ಳಿ. ಬಾಯಿ ತೆರೆದಿಟ್ಟು ಹೊಡೆದರೆ ಗಾಳಿ ಪುಸ್ಸನೆ ಹೊರಗೆ ಹೋಗುತ್ತದೆ, ಕೈಗೆ ಭಾರವೇ ಗೊತ್ತಾಗುವುದಿಲ್ಲ. ಅದೇ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಹೊಡೆಯಿರಿ. ಅರ್ಧ ತಳ್ಳುವಷ್ಟರಲ್ಲಿ ಒತ್ತಡ ಬೆರಳನ್ನು ಎತ್ತಿಹಾಕುತ್ತದೆ. ಪಂಪು ಅದೇ, ಕೈ ಅದೇ, ಬದಲಾದದ್ದು ಬಾಯಿ ಮುಚ್ಚಿದೆಯೋ ತೆರೆದಿದೆಯೋ ಅನ್ನುವುದು ಮಾತ್ರ. ಬೇಸ್ ಅಂದರೆ ನಿಧಾನವಾಗಿ ಏರಿ ಇಳಿಯುವ ಗಾಳಿಯ ಒತ್ತಡ. ರಬ್ಬರ್ ಟಿಪ್ ಕಿವಿಗೆ ಬಿಗಿಯಾಗಿ ಕೂತರೆ ಆ ಒತ್ತಡ ಒಳಗೇ ಉಳಿದು ತಮಟೆಯನ್ನು ಅಲುಗಿಸುತ್ತದೆ. ಸಣ್ಣ ಸಂದಿ ಇದ್ದರೂ ಸಾಕು, ಬೇಸ್ ಮೊದಲು ಸೋರಿಹೋಗುತ್ತದೆ. ಟ್ರೆಬಲ್, ಅಂದರೆ ತೀಕ್ಷ್ಣವಾದ ಸಣ್ಣ ದನಿ, ಅಷ್ಟು ಬೇಗ ಸೋರುವುದಿಲ್ಲ. ಅದಕ್ಕೇ ಸರಿಯಾಗಿ ಕೂರದ ಬಡ್ಸ್‌ನಲ್ಲಿ ಹಾಡು ತಗಡು ಬಡಿದ ಹಾಗೆ ಕೇಳುತ್ತದೆ.

ನನ್ನ ಮಾತು ನಂಬಬೇಡಿ, ಈಗಲೇ ಮಾಡಿ ನೋಡಿ. ಟಿಪ್ ಇರುವ ಯಾವುದೇ ಇಯರ್‌ಫೋನ್ ಹಾಕಿಕೊಂಡು ಹಾಡು ಹಚ್ಚಿ, ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ. ಬೇಸ್ ಉಬ್ಬಿ ಬಂತೆ? ಈಗ ಒಂದು ಕೂದಲೆಳೆಯಷ್ಟು ಹೊರಗೆಳೆಯಿರಿ. ಹೋಯಿತೆ? ಡ್ರೈವರ್ ಎಷ್ಟು ಎಂಎಂ ಇತ್ತೋ ಅಷ್ಟೇ ಇದೆ. ಈ ಪ್ರಯೋಗ ಮಾಡಿ ತೋರಿಸಿದಾಗಲೆಲ್ಲ ಎದುರಿದ್ದವರ ಹುಬ್ಬು ಮೇಲೇರುವುದನ್ನು ನೋಡಿದ್ದೇನೆ. ಅದನ್ನು ನೋಡುವುದು ಈಗಲೂ ನನಗೆ ಸಂತೋಷವೇ.

13 ಎಂಎಂ ಪೊರೆಯ ವಿಸ್ತೀರ್ಣ 10 ಎಂಎಂಗಿಂತ ಸುಮಾರು 1.7 ಪಟ್ಟು ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಟಿಪ್ ಸಡಿಲವಾಗಿದ್ದರೆ ಆ ಲಾಭವೆಲ್ಲ ಸೋರಿಹೋಗಿ ಮೇಲೆ ಇನ್ನಷ್ಟು ನಷ್ಟವಾಗುತ್ತದೆ. ಇನ್ನೊಂದು ಕಡೆ ನೋಡಿ: ಶ್ರವಣ ಸಾಧನಗಳಲ್ಲಿ, ವೇದಿಕೆಯ ಗಾಯಕರು ಕಿವಿಗೆ ಹಾಕಿಕೊಳ್ಳುವ ಮಾನಿಟರ್‌ಗಳಲ್ಲಿ ತೊಗರಿಬೇಳೆ ಗಾತ್ರದ ಸ್ಪೀಕರ್‌ಗಳು ಕೆಲಸ ಮಾಡುತ್ತಿವೆ. ಬಿಗಿಯಾಗಿ ಕೂರಲಿ ಅಂತ ಆ ಮಾನಿಟರ್‌ಗಳನ್ನು ಕಿವಿಯ ಅಚ್ಚು ತೆಗೆದು ಮಾಡಿಸಿಕೊಳ್ಳುವವರೂ ಇದ್ದಾರೆ. ಇನ್ನು ರಬ್ಬರ್ ಟಿಪ್ಪೇ ಇಲ್ಲದೆ ಕಿವಿಯ ಹೊರಬಾಯಲ್ಲಿ ತೂಗುವ ಬಡ್ಸ್‌ಗಳಲ್ಲಿ ದೊಡ್ಡ ಡ್ರೈವರ್ ಹಾಕುವುದು ಸೋರಿಕೆ ತುಂಬಿಕೊಳ್ಳಲಿಕ್ಕೆ. ಅಲ್ಲಿ ದೊಡ್ಡ ಸಂಖ್ಯೆ ಅಂದರೆ ಆ ವಿನ್ಯಾಸಕ್ಕೆ ಅದು ಅನಿವಾರ್ಯ ಅಂತ ಅರ್ಥ. ಅದನ್ನೇ ಹೆಚ್ಚುಗಾರಿಕೆ ಅಂತ ಓದಿಕೊಳ್ಳುತ್ತೇವೆ.

ಹಾಗಾದರೆ ನೋಡಬೇಕಾದದ್ದು ಏನು? ಬಾಕ್ಸ್‌ನೊಳಗೆ ಪುಟ್ಟ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಇನ್ನೆರಡು ಜೊತೆ ಟಿಪ್ ಇರುತ್ತವಲ್ಲ, ಬಹಳ ಮಂದಿ ತೆರೆಯದೆ ಡ್ರಾಯರ್‌ಗೆ ಎಸೆಯುತ್ತಾರಲ್ಲ, ಅದನ್ನು. ಬಡ್ಸ್‌ಗೆ ಮೊದಲೇ ಹಾಕಿ ಕಳಿಸುವುದು ಸಾಮಾನ್ಯವಾಗಿ ಮಧ್ಯದ ಅಳತೆ. ನಿಮ್ಮ ಕಿವಿಗೆ ಚಿಕ್ಕದೋ ದೊಡ್ಡದೋ ಬೇಕಾಗಬಹುದು. ಎಡಗಿವಿಗೆ ಒಂದು ಅಳತೆ, ಬಲಗಿವಿಗೆ ಇನ್ನೊಂದು ಬೇಕಾದರೂ ಆಶ್ಚರ್ಯವಿಲ್ಲ. ಹಾಕಿಕೊಂಡು ಏನಾದರೂ ಮಾತಾಡಿ. ಕೊಡದೊಳಗೆ ತಲೆ ಹಾಕಿ ಮಾತಾಡಿದಂತೆ ನಿಮ್ಮ ದನಿ ನಿಮಗೇ ಗುಂಯ್ ಅಂದರೆ ಟಿಪ್ ಸರಿಯಾಗಿ ಕೂತಿದೆ. ಆಮೇಲೆ ಚಪಾತಿ ಅಗಿಯುವ ಹಾಗೆ ದವಡೆ ಆಡಿಸಿ. ಜಾರಿದರೆ ಅಳತೆ ಬದಲಿಸಿ.

ಬಸ್ಸಿಗೆ ಅಂತ ಹೇಳಿದ್ದೀರಿ, ಅದಕ್ಕೆ ಇದು ಇನ್ನೂ ಮುಖ್ಯ. ಬಾಕ್ಸ್ ಮೇಲೆ "ಇಎನ್‌ಸಿ" ಅಂತ ಇದ್ದರೆ ಬಸ್ಸಿನ ಸದ್ದು ನಿಮಗೆ ಕೇಳಿಸುವುದಿಲ್ಲ ಅಂತ ತಿಳಿಯಬೇಡಿ. ಅದು ಮೈಕಿಗೆ ಸಂಬಂಧಿಸಿದ್ದು, ಫೋನಿನ ಆಚೆ ಕಡೆಯವರಿಗೆ ನಿಮ್ಮ ಸುತ್ತಲಿನ ಗಲಾಟೆ ಕಡಿಮೆ ಕೇಳಲಿ ಅಂತ. ನಿಮ್ಮ ಕಿವಿಗೆ ಬೀಳುವ ಸದ್ದನ್ನು ತಗ್ಗಿಸುವುದು "ಎಎನ್‌ಸಿ". ಅದು ಕೂಡ ಇಂಜಿನ್ ಗುಡುಗುಡು, ಫ್ಯಾನಿನ ಮೊರೆತದಂಥ ಒಂದೇ ಸಮನೆ ಬರುವ ಸದ್ದಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಹಾರ್ನ್, ಕಂಡಕ್ಟರ್ ಸೀಟಿ, ಹಿಂದಿನ ಸೀಟಿನ ಮಾತನ್ನು ತಡೆಯುವುದು ಹೆಚ್ಚಾಗಿ ಅದೇ ರಬ್ಬರ್ ಟಿಪ್. ಟಿಪ್ ಸಡಿಲವಾದರೆ ಎಎನ್‌ಸಿಯೂ ಸೋಲುತ್ತದೆ.

ಕೇಳಿ ಪರೀಕ್ಷಿಸುವಾಗ ಅಂಗಡಿಯವರು ಹಾಕುವ ಹಾಡು ಬೇಡ, ನಿಮಗೆ ಬಾಯಿಪಾಠವಾಗಿರುವುದನ್ನೇ ಹಾಕಿ. ನಾನು ಯಕ್ಷಗಾನದ ಒಂದು ಧ್ವನಿಮುದ್ರಣ ಇಟ್ಟುಕೊಂಡಿದ್ದೇನೆ. ಚೆಂಡೆಯ ಪೆಟ್ಟು ಕಿವಿಗೆ ಚುಚ್ಚಿದರೆ ಟ್ರೆಬಲ್ ಅತಿಯಾಗಿದೆ. ಮದ್ದಳೆಯ ಗುಮುಕು ಭಾಗವತರ ದನಿಯ ಮೇಲೆ ಕಂಬಳಿ ಹೊದಿಸಿದಂತಾದರೆ ಬೇಸ್ ಬೇಕಾದ್ದಕ್ಕಿಂತ ಏರಿಸಿದ್ದಾರೆ. ಈ ಬೆಲೆಯಲ್ಲಿ ಎರಡನೇ ದೋಷವೇ ಹೆಚ್ಚು. ಸಾಹಿತ್ಯ ಅಕ್ಷರ ಅಕ್ಷರವಾಗಿ ಕೇಳಿದರೆ ಸಾಕು, ತಗೊಳ್ಳಿ. ಆನ್‌ಲೈನಲ್ಲಾದರೆ, ಬಾಕ್ಸ್ ತೆರೆದ ಮೇಲೆ ವಾಪಸ್ ತಗೊಳ್ಳುತ್ತಾರೆಯೇ ಅನ್ನುವುದನ್ನು ದುಡ್ಡು ಕಟ್ಟುವ ಮೊದಲೇ ಓದಿ.

ಫೋನ್ ಮಾತಿಗೆ ಬಂದರೆ, ಮೈಕು ಬಾಯಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು, ಕೆಳಕ್ಕೆ ಕಡ್ಡಿ ಇಳಿಬಿಟ್ಟ ವಿನ್ಯಾಸಕ್ಕೆ ಅಷ್ಟರಮಟ್ಟಿಗೆ ಅನುಕೂಲ. ಹಾಡು ಚೆನ್ನಾಗಿ ಬರುತ್ತಿದ್ದ ಬಡ್ಸ್‌ನಲ್ಲಿ ಲ್ಯಾಪ್‌ಟಾಪಿನ ಮೀಟಿಂಗ್ ಶುರುವಾದ ಕೂಡಲೇ ಸೌಂಡ್ ಹಳೇ ರೇಡಿಯೋದಂತಾಯಿತು ಅಂತ ದೂರುವವರಿದ್ದಾರೆ. ಬಡ್ಸ್ ಕೆಟ್ಟಿಲ್ಲ. ಮೈಕು ಆನ್ ಆದಾಗ ಬ್ಲೂಟೂತ್ ಕರೆಗೆ ಮೀಸಲಾದ ಬೇರೆ ಕ್ರಮಕ್ಕೆ ಬದಲಾಗುತ್ತದೆ, ಅದರಲ್ಲಿ ಗುಣಮಟ್ಟ ಕಡಿಮೆ. ಬ್ಲೂಟೂತ್ 5.3 ಅಂತ ಬರೆದಿದ್ದರೂ ಹಾಗೇ. ಆ ಸಂಖ್ಯೆಯಿಂದ ಹಾಡಿನ ಗುಣ ಗೊತ್ತಾಗುವುದಿಲ್ಲ.

ಬ್ಯಾಟರಿ "50 ಗಂಟೆ" ಅನ್ನುವುದು ಬಡ್ಸ್ ಇಡುವ ಕೇಸಿನ ಚಾರ್ಜ್ ಎಲ್ಲ ಸೇರಿಸಿದ ಲೆಕ್ಕ. ಒಂದು ಸಲಕ್ಕೆ ಕಿವಿಯಲ್ಲಿ ಎಷ್ಟು ಹೊತ್ತು ಬರುತ್ತದೆ ಅಂತ ನೋಡಿ. ನಿಮ್ಮ ಓಡಾಟಕ್ಕೆ ಐದು ಗಂಟೆ ಧಾರಾಳ. ಐಪಿಎಕ್ಸ್4 ಅಂದರೆ ನೀರಿನ ಎರಚಲು ತಡೆಯುತ್ತದೆ, ಮುಳುಗಿಸುವಂತಿಲ್ಲ, ಮತ್ತು ಆ ಮಾತು ಸಾಮಾನ್ಯವಾಗಿ ಕೇಸಿಗೆ ಅನ್ವಯಿಸುವುದಿಲ್ಲ. ಬೆವರಿದ ಬಡ್ಸ್ ಒರೆಸದೆ ಕೇಸಿಗೆ ಹಾಕಿದರೆ ಚಾರ್ಜಿಂಗ್ ಪಿನ್ನಿಗೆ ಕಿಲುಬು ಹಿಡಿಯುತ್ತದೆ. ಹೆಸರು ಕೇಳಿರದ ಕಂಪನಿಯದಾದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಜೊತೆಗಿರುವ 'ಆರ್' ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಕಿವಿಯೊಳಗೆ ಇಡುವ ಲಿಥಿಯಂ ಬ್ಯಾಟರಿ ಅದು.

ನೀವು ಕೇಳದೇ ಇರುವ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಆರು ತಿಂಗಳಿಗೆ ನೀವೇ ಬರೆಯುತ್ತೀರಿ: "ಸರ್, ಒಂದು ಕಡೆ ಸೌಂಡ್ ಕಡಿಮೆಯಾಗಿದೆ, ಬಡ್ಸ್ ಹೋಯಿತು." ಬಹಳಷ್ಟು ಸಲ ಹೋಗಿರುವುದಿಲ್ಲ. ಟಿಪ್ ಕಿತ್ತು ಬೆಳಕಿಗೆ ಹಿಡಿದು ನೋಡಿ, ಒಳಗಿನ ಜಾಲರಿಗೆ ಕಿವಿಯ ಗುಗ್ಗೆ ಮೆತ್ತಿರುತ್ತದೆ. ಪಿನ್ನು ಹಾಕಿ ಕೆದಕಬೇಡಿ, ಜಾಲರಿ ಹರಿಯುತ್ತದೆ, ಗುಗ್ಗೆ ಇನ್ನೂ ಒಳಗೆ ಹೋಗುತ್ತದೆ. ಬಡ್ಸ್‌ನ ಬಾಯಿ ಕೆಳಮುಖ ಮಾಡಿ ಹಿಡಿದು ಒಣಗಿದ ಮೆತ್ತನೆ ಬ್ರಷ್ಷಿನಿಂದ ಉಜ್ಜಿ. ಟಿಪ್ಪನ್ನು ಮಾತ್ರ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ.

ಹಾಗೆ ಮಾಡದೆ ವಾಲ್ಯೂಮ್ ಏರಿಸುತ್ತ ಹೋಗುವುದು ನನಗೆ ನಿಜವಾಗಿ ಭಯ ಹುಟ್ಟಿಸುವ ಅಭ್ಯಾಸ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಏರಿದ್ದು ಹತ್ತೇ ಡೆಸಿಬಲ್, ಆದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗಿದೆ. ಗದ್ದಲದ ಬಸ್ಸಿನಲ್ಲಿ ಸಡಿಲ ಟಿಪ್ ಹಾಕಿಕೊಂಡವರು ದಿನಕ್ಕೊಂದು ಗಂಟೆ ಹಾಡು ಕೇಳಿದರೂ ಈ ಮಿತಿ ದಾಟಿಬಿಡಬಹುದು. ಹೀಗೆ ಹಾಳಾದ ಶ್ರವಣ ಶಕ್ತಿ ಮರಳಿ ಬರುವುದಿಲ್ಲ.

ಜಾಲರಿ ಉಜ್ಜಿದ ಮೇಲೂ ಒಂದು ಕಡೆ ಕಡಿಮೆ ಕೇಳುತ್ತಿದ್ದರೆ ಅದಲುಬದಲು ಮಾಡಿ ನೋಡಿ. ಬಲಗಡೆಯ ಬಡ್ಸನ್ನು ಎಡಗಿವಿಗೆ, ಎಡಗಡೆಯದನ್ನು ಬಲಗಿವಿಗೆ ಸುಮ್ಮನೆ ಒತ್ತಿ ಹಿಡಿದರೆ ಸಾಕು. ಸದ್ದಿನ ಕೊರತೆ ಬಡ್ಸ್ ಜೊತೆಗೆ ಆ ಕಡೆಯಿಂದ ಈ ಕಡೆಗೆ ಬಂದರೆ ವಾರಂಟಿ ಬಿಲ್ ಹುಡುಕಿ. ಬಡ್ಸ್ ಬದಲಾದರೂ ಅದೇ ಕಿವಿಗೆ ಕಡಿಮೆ ಕೇಳಿದರೆ ತಡಮಾಡದೆ ಕಿವಿ ವೈದ್ಯರ ಹತ್ತಿರ ಹೋಗಿ. ಟಿಪ್ ದಿನವೂ ಗುಗ್ಗೆಯನ್ನು ಒಳಕ್ಕೆ ನೂಕಿ ಗಟ್ಟಿಯಾಗಿದ್ದರೆ ಅಲ್ಲೇ ತೆಗೆದುಬಿಡುತ್ತಾರೆ. ಅದಲ್ಲದಿದ್ದರೆ ಶ್ರವಣ ಪರೀಕ್ಷೆ ಮಾಡಿಸಬೇಕು. ಮೈಸೂರಿನ ಕಡೆಯವರಾದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೇ ಆ ಪರೀಕ್ಷೆ ಆಗುತ್ತದೆ.